ಒಂಬತ್ತು ಸೊನ್ನೆ

ಸೆಪ್ಟೆಂಬರ್ 4, ಸೋಮವಾರ. ರಕ್ತದೊತ್ತಡ 130/80

ಈ ನೋಟುಬುಕ್ಕು ಡಾಕ್ಟರ ಅಪ್ಪಣೆ. ದಿನಾ ಬೆಳಿಗ್ಗೆ ಯಂತ್ರದ ಪಟ್ಟಿಯನ್ನು ತೋಳಿಗೆ ಸುತ್ತಿಕೊಂಡು, ಬಂದ ಅಂಕಿಯನ್ನು ಬರೆದಿಡಬೇಕಂತೆ. ಯಂತ್ರ ಕೊಂಡದ್ದು ಗುರುವಾರ. ಭಾನುವಾರದವರೆಗೂ ಅದು ಡಬ್ಬಿಯಿಂದ ಹೊರಗೆ ಬರಲಿಲ್ಲ. ಇವತ್ತು ಕಾಫಿ ಕುಡಿಯುತ್ತ ನಾಲ್ಕೂ ದಿನದ್ದನ್ನು ಒಟ್ಟಿಗೆ ತುಂಬಿಸಿದೆ, ಇವತ್ತಿನದನ್ನೂ ಸೇರಿಸಿದೆ. ಎಲ್ಲ ಒಂದೇ ಇದ್ದರೆ ಅನುಮಾನ ಬರುತ್ತದೆಂದು ನಡುವೆ ಒಂದು 128, ಒಂದು 132 ಹಾಕಿದೆ. ಮೂವತ್ತೊಂದು ವರ್ಷ ಫಾರಂ ತುಂಬಿದವನಿಗೆ ಇಷ್ಟೂ ಬಾರದಿದ್ದರೆ ಹೇಗೆ?

ಪುಟದಲ್ಲಿ ಜಾಗ ದಂಡಿಯಾಗಿ ಉಳಿದಿದೆ. ಮನಸ್ಸಿಗೆ ಬಂದದ್ದನ್ನೂ ಗೀಚುತ್ತೇನೆ. ಇವಳು, ನನ್ನ ಹೆಂಡತಿ, ಇದನ್ನು ಓದುವವಳಲ್ಲ. ಅವಳ ಹೊಲಿಗೆ ಅಂಗಡಿಯ ಅಳತೆ ಪುಸ್ತಕ ಓದುವುದಕ್ಕೇ ಅವಳಿಗೆ ಪುರುಸೊತ್ತಿಲ್ಲ.

ಇವತ್ತು ಕಚೇರಿಯಲ್ಲಿ ದೊಡ್ಡವರು ಮೇಜು ಗುದ್ದಿದರು. ನಮ್ಮದು ರಸ್ತೆ ಕಟ್ಟುವ ಕಚೇರಿ. ನಾನು ಅಲ್ಲಿ ನೀರಿನ ಪರೀಕ್ಷಕ. ಹೊಸ ರಸ್ತೆಗೆ ದಾರಿ ಬೇಕಾಗಿ ಊರಿನ ಮೇಲ್ಭಾಗದ ತೊರೆಯನ್ನು ಆರುನೂರು ಮೀಟರ್ ಕೊಳವೆಯೊಳಗೆ ಹಾಕಿ ಮುಚ್ಚಿದೆವು. ಒಂದು ಕಡೆ ಕೆಡಿಸಿದರೆ ಇನ್ನೊಂದು ಕಡೆ ಸರಿಮಾಡಿಕೊಡಬೇಕು ಎಂಬುದು ಕಾನೂನು. ಹಾಗಾಗಿ ಕೆಳಗಡೆ ಸಿಮೆಂಟ್ ಕಾಲುವೆಯಾಗಿದ್ದ ಅದೇ ತೊರೆಯ ನಾನೂರು ಮೀಟರನ್ನು ಒಡೆದು, ತಳಕ್ಕೆ ಕಲ್ಲು ಹಾಕಿ, ಬಳುಕು ಕೊಟ್ಟು, ದಂಡೆಗೆ ಹುಲ್ಲು ನೆಟ್ಟೆವು. ಜನ ಅದನ್ನು ಈಗಲೂ ಮೋರಿ ಎಂದೇ ಕರೆಯುತ್ತಾರೆ, ಆದರೆ ಸಂಜೆ ಅಲ್ಲೇ ಬಂದು ಕೂರುತ್ತಾರೆ.

ವರ್ಷವಾಯಿತು. ನೀರು ತಿಳಿಯಾಗಿದೆ, ಹುಲ್ಲು ಮೊಣಕಾಲಿನವರೆಗೆ ಬೆಳೆದಿದೆ. ನೀರೊಳಗೆ ಮಾತ್ರ ಕೊಳಚೆಯ ಕೆಂಪು ಹುಳ ಬಿಟ್ಟು ಒಂದು ಜೀವವೂ ಬಂದಿಲ್ಲ. ಮುಂದಿನ ತಿಂಗಳು ಪರಿಶೀಲನಾ ಸಮಿತಿ ಬರುತ್ತದೆ. ಮೇಜು ಗುದ್ದಿದ್ದು ಅದಕ್ಕೆ, ನಕ್ಷೆ ಮಾಡಿದ ಹೊಸಬಳ ಮೇಲಿನ ಸಿಟ್ಟಿಗೆ. ನನಗೇನು, ನಿವೃತ್ತಿಗೆ ಹದಿನಾಲ್ಕು ತಿಂಗಳಿದೆ.

ಸೆಪ್ಟೆಂಬರ್ 7, ಗುರುವಾರ. 130/80

ಹೊಸಬಳು ನನ್ನ ಮೇಜಿಗೆ ಬಂದಿದ್ದಳು. ಹೊಸಬಳು ಎಂದರೆ ಏನು, ಬಂದು ಎರಡು ವರ್ಷವಾಗುತ್ತ ಬಂತು. ಕೆಲಸ ಇನ್ನೂ ಖಾಯಂ ಆಗಿಲ್ಲ, ಅದಕ್ಕೇ ಆ ಹೆಸರೂ ಹೋಗಿಲ್ಲ. ಎಲ್ಲರಿಗಿಂತ ಮೊದಲು ಬರುತ್ತಾಳೆ, ಕುರ್ಚಿಯ ಕೆಳಗೆ ಒಂದು ಜೊತೆ ಕೆಸರು ಬೂಟು ಇಟ್ಟುಕೊಂಡಿದ್ದಾಳೆ, ಮಾತಾಡುವಾಗ ಪೆನ್ಸಿಲ್ಲಿನಿಂದ ಗಾಳಿಯಲ್ಲೇ ಗೆರೆ ಎಳೆಯುತ್ತಾಳೆ.

ಅವಳ ಕೈಯಲ್ಲಿ ನನ್ನ ಹಳೆಯ ವರದಿ ಇತ್ತು. ಮೇಲಿನ ತೊರೆಯನ್ನು ಮುಚ್ಚುವ ಮೊದಲು ಅದರಲ್ಲಿ ಜೀವ ಇದೆಯೋ ಇಲ್ಲವೋ ಎಂದು ನೋಡಿ ಬರೆದವನು ನಾನು. ಕ್ರಮ ಇಷ್ಟೆ: ಮೂರು ಜಾಗ, ಒಂದೊಂದು ಜಾಗದಲ್ಲಿ ಮೂರು ಸಲ ಬಲೆ. ನೀರಿಗಿಳಿದು, ಬಲೆಯನ್ನು ಹರಿವಿಗೆ ಎದುರಾಗಿ ಹಿಡಿದು, ಎರಡು ನಿಮಿಷ ಕಾಲಿನಿಂದ ಕಲ್ಲು ಕದಡಬೇಕು. ಬಲೆಗೆ ಬಿದ್ದದ್ದನ್ನು ಬಿಳಿ ತಟ್ಟೆಗೆ ಸುರಿದು ಮೂರುಬಾಲಗಳನ್ನು ಎಣಿಸಬೇಕು. ಮೂರುಬಾಲ ಎಂದರೆ ಅಕ್ಕಿಕಾಳಿನಷ್ಟು ದೊಡ್ಡ ಮರಿಹುಳ, ಹಿಂದೆ ಕೂದಲಿನಂಥ ಮೂರು ಬಾಲ. ನೀರು ಕೆಟ್ಟರೆ ಮೊದಲು ಸಾಯುವುದು ಅದೇ. ಅದು ಇದ್ದರೆ ತೊರೆ ಬದುಕಿದೆ ಎಂದು ಅರ್ಥ. ನನ್ನ ವರದಿಯ ಒಂಬತ್ತು ಚೌಕಗಳಲ್ಲಿ ಒಂಬತ್ತು ಸೊನ್ನೆ. ಸೊನ್ನೆ ಇದ್ದದ್ದರಿಂದಲೇ ಮುಚ್ಚಲು ಅನುಮತಿ ಸಿಕ್ಕಿತು, ಇಲ್ಲದಿದ್ದರೆ ರಸ್ತೆಯೇ ಪಕ್ಕಕ್ಕೆ ಸರಿಯಬೇಕಿತ್ತು.

ಆ ಪುಟದ ಮೂಲೆ ಮಡಿಸಿ ಮಡಿಸಿ ಮೆತ್ತಗಾಗಿತ್ತು. ಅವಳು ಅದನ್ನು ನನ್ನ ಮುಂದಿಟ್ಟು ಕೇಳಿದಳು.

“ಮೇಲಿಂದ ಬರೋದು ಬರೀ ಕೊಳಕು, ಜೀವ ಇಲ್ಲ ಅಂತ ನಿಮ್ಮ ವರದಿಲಿ ಇತ್ತಲ್ಲ ಸಾರ್. ಅದಕ್ಕೇ ಕೊಳವೆ ಬಾಯಿಗೆ ತೊಟ್ಟಿ ಕಟ್ಟಿಸಿದ್ದು, ಕೊಳಕೆಲ್ಲ ಅಲ್ಲೇ ತಳಕ್ಕೆ ಕೂರಲಿ ಅಂತ. ಅದೇ ತಪ್ಪಾಯ್ತಾ?”

ತೊಟ್ಟಿಗೇನೂ ಆಗಿಲ್ಲ, ಕಲ್ಲು ಸಣ್ಣದಾಯಿತೇನೋ ಎಂದೆ. ಬಾಯಿಗೆ ಬಂದದ್ದು ಅದು. ಅವಳು ಅದನ್ನೂ ಬರೆದುಕೊಂಡಳು. ‘ನೀವಿದ್ದೀರಲ್ಲ ಸಾರ್, ಧೈರ್ಯ’ ಎಂದು ಹೇಳಿ ಹೋದಳು.

ಆ ಪರೀಕ್ಷೆಯ ದಿನ ನನ್ನ ಬೂಟು ಸೋರುತ್ತಿತ್ತು. ಹೊಸದು ಕೊಡಿ ಎಂದು ಉಗ್ರಾಣದವನ ಹಿಂದೆ ಆರು ತಿಂಗಳು ಅಲೆದಿದ್ದೆ. ಸೋರುವ ಬೂಟಿನಲ್ಲಿ ಮೋರಿಗೆ ಯಾರು ಇಳಿಯುತ್ತಾರೆ? ಅದು ನನ್ನ ತಪ್ಪೇ?

ಸೆಪ್ಟೆಂಬರ್ 15, ಶುಕ್ರವಾರ. 130/82

ಕ್ಯಾಂಟೀನಿನಲ್ಲಿ ಗುಬ್ಬಿ ಸಿಕ್ಕಿದ. ಗುಬ್ಬಿ ಎಂದರೆ ನಮ್ಮ ಅಗೆಯುವ ಯಂತ್ರದ ಚಾಲಕ, ನೂರಹತ್ತು ಕಿಲೋ. ಅವನು ಹತ್ತಿ ಕೂತರೆ ಯಂತ್ರ ನಿಟ್ಟುಸಿರು ಬಿಡುತ್ತದೆ. ಮೇಲಿನ ತೊರೆಯನ್ನು ಮುಚ್ಚಿದವನೂ ಅವನೇ, ಕೆಳಗಿನ ಸಿಮೆಂಟು ಒಡೆದವನೂ ಅವನೇ. ಕೆಳಗೆ ಹುಳ ಬರುತ್ತಿಲ್ಲವಂತಲ್ಲ ಎಂದು ಮಾತು ತೆಗೆದ. ತೆಗೆದು ನಗುನಗುತ್ತಲೇ ಹೇಳಿದ.

“ಮೇಲ್ಗಡೆ ಮುಚ್ಚೋವಾಗ ಕಲ್ಲು ಮಗುಚಿದ್ರೆ ಅಡಿ ಪೂರ್ತಿ ಹುಳ ಸಾರ್, ಹಿಂದೆ ಮೂರು ಮೂರು ಕೂದಲು. ಒಂದು ಗಳಿಗೆ ಯಂತ್ರ ನಿಲ್ಲಿಸ್ದೆ. ಆಮೇಲೆ, ಸತ್ತಿದೆ ಅಂತ ಕಾಗದ ಇದೆ, ಓದಿದವರು ಬರೆದಿದ್ದಾರೆ, ನಂಗೇನು ಗೊತ್ತು ಅಂದ್ಕೊಂಡು ಮಣ್ಣು ಹಾಕ್ದೆ.”

ನಾನೂ ನಕ್ಕೆ. ಬೇರೆ ಯಾವುದೋ ಹುಳ ಇರಬೇಕು ಕಣಯ್ಯ ಎಂದೆ. ಇರಬಹುದು ಸಾರ್ ಎಂದು ಅವನು ನನ್ನ ತಟ್ಟೆಯಲ್ಲಿದ್ದ ಬಿಸ್ಕತ್ತನ್ನೂ ತಿಂದು ಎದ್ದ.

ಸರಿಯಾಗಿ ನೆನಪು ಮಾಡಿಕೊಂಡರೆ ಆ ಪರೀಕ್ಷೆಯ ದಿನ ಮಳೆಯೂ ಬಂದಿತ್ತು. ನೀರು ಏರಿದಾಗ ಇಳಿಯಬಾರದು ಎಂದು ನಿಯಮದಲ್ಲೇ ಇದೆ. ಇನ್ನೊಂದು ದಿನ ಬಂದು ಮಾಡಬೇಕು ಎಂದೂ ಅಲ್ಲೇ ಇದೆ, ಅದು ಬೇರೆ ಮಾತು.

ಸೆಪ್ಟೆಂಬರ್ 16, ಶನಿವಾರ. 148/96

ಏಳುವಾಗ ತಲೆ ಸುತ್ತಿತು. ಯಂತ್ರ ಹಾಕಿ ಅಳೆದೆ. ಯಂತ್ರ ಕೆಟ್ಟಿರಬೇಕು.

ಸೆಪ್ಟೆಂಬರ್ 25, ಸೋಮವಾರ. 146/92

ದೊಡ್ಡವರ ಕೋಣೆಯಲ್ಲಿ ಸಭೆ ನಡೆಯಿತು. ಹೊಸಬಳು ಹದಿನೆಂಟು ಹಾಳೆಗಳನ್ನು ಗೋಡೆಗೆ ಅಂಟಿಸಿ ಒಂದೊಂದನ್ನೇ ವಿವರಿಸಿದಳು. ಕಲ್ಲಿನ ಗಾತ್ರ, ನೆರಳು, ನೀರಿನ ವೇಗ, ಎಲ್ಲ ಪುಸ್ತಕದಲ್ಲಿದ್ದಂತೆಯೇ ಇದೆ. ಆದರೂ ಏನೂ ಬಂದಿಲ್ಲ ಎನ್ನುವಾಗ ಅವಳ ದನಿ ಸ್ವಲ್ಪ ಒಡೆಯಿತು. ದೊಡ್ಡವರು ಅವಳ ಕಡೆ ನೋಡದೆ ನನ್ನ ಕಡೆ ತಿರುಗಿ, ನೀವು ಹಿರಿಯರು, ನಿಮ್ಮ ಅನುಭವ ಏನು ಹೇಳುತ್ತದೆ ಎಂದು ಕೇಳಿದರು.

ಹೇಳುವುದಾಗಿದ್ದರೆ ಆಗಲೇ ಹೇಳಬೇಕಿತ್ತು. ಬಾಗಿಲು ಹಾಕಿತ್ತು, ನಾಲ್ಕೇ ಜನ ಇದ್ದೆವು. ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಒರೆಸಿಕೊಂಡು, ನಕ್ಷೆಯಲ್ಲಿ ಸ್ವಲ್ಪ ಎಡವಟ್ಟಾಗಿದೆ ಎಂದೆ.

ಹೊರಗೆ ಬಂದ ಮೇಲೆ ಅವಳು ನನಗೆ ಥ್ಯಾಂಕ್ಸ್ ಹೇಳಿದಳು. ‘ಸ್ವಲ್ಪ’ ಎಂದದ್ದಕ್ಕಂತೆ. ಬೇರೆ ಯಾರಾದರೂ ಆಗಿದ್ದರೆ ಪೂರ್ತಿ ತನ್ನ ತಲೆಗೇ ಕಟ್ಟುತ್ತಿದ್ದರಂತೆ. ನನಗೆ ಎಷ್ಟು ನಾಚಿಕೆಯಾಯಿತೆಂದರೆ ಲಿಫ್ಟಿಗೆ ಕಾಯದೆ ಐದು ಮಹಡಿ ಇಳಿದುಕೊಂಡೇ ಬಂದೆ. ಕೆಳಗೆ ಬಂದ ಮೇಲೆ ಊಟದ ಡಬ್ಬಿಯನ್ನು ಮೇಲೆಯೇ ಬಿಟ್ಟದ್ದು ನೆನಪಾಯಿತು. ತರಲು ಹೋಗಲಿಲ್ಲ.

ಅಕ್ಟೋಬರ್ 1, ಭಾನುವಾರ. 144/94

ಒಂದು ಸಲ ನೋಡಿಯೇ ಬಿಡೋಣ ಎಂದು ಶುಕ್ರವಾರ ಉಗ್ರಾಣದಿಂದ ನನ್ನ ಹಳೆಯ ಬಲೆ ಹುಡುಕಿಸಿ ತಂದಿದ್ದೆ. ಮೇಲಿನ ತೊರೆ ಪೂರ್ತಿ ಮುಚ್ಚಿಹೋಗಿಲ್ಲ. ಕೊಳವೆ ಶುರುವಾಗುವುದಕ್ಕೆ ಮೊದಲು, ಬಟ್ಟೆ ಒಗೆಯುವ ಕಾರ್ಖಾನೆಯ ಗೋಡೆಯ ಹಿಂದೆ ನೂರೈವತ್ತು ಮೀಟರ್ ಇನ್ನೂ ತೆರೆದೇ ಇದೆ. ನನ್ನ ವರದಿಯ ಮೂರನೆಯ ಜಾಗ ಅದೇ.

ಬಲೆಯ ಮೂಲೆಯನ್ನು ಇಲಿ ಕಡಿದಿತ್ತು. ಇವಳಿಗೆ ಕೊಟ್ಟೆ. ಎರಡು ವರ್ಷದ ಹಿಂದೆ, ಆ ಪರೀಕ್ಷೆಗೆಂದೇ ನಾನು ಕೇಳಿ ಹೊಲಿಸಿಕೊಂಡ ಬಲೆ ಅದು. ಕಚೇರಿಯ ಬಲೆಗಳು ಒಂದೇ ಸಲಕ್ಕೆ ಹರಿಯುತ್ತವೆಂದು ಅವಳು ಒಳ್ಳೆಯ ಬಟ್ಟೆ ಹುಡುಕಿ, ಎರಡೆರಡು ಹೊಲಿಗೆ ಹಾಕಿ ಕೊಟ್ಟಿದ್ದಳು. ಅಂಗಡಿಯ ಕಿಟಕಿಯ ಬಳಿ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದಳು, ಮತ್ತೆ ತಿರುಗಿಸಿದಳು. ನಾನು ಗುಂಡಿಗಳ ಡಬ್ಬಿಯನ್ನು ನೋಡುತ್ತ ಕೂತಿದ್ದೆ.

“ನಾನು ಎಳೆದ ಸೀಮೆಸುಣ್ಣದ ಗೆರೆ ಹಾಗೇ ಇದೆಯಲ್ಲರೀ,” ಎಂದಳು. “ಒಂದು ಸಲ ನೀರು ಬಿದ್ದಿದ್ರೂ ಹೋಗಿರ್ಬೇಕಿತ್ತು.”

ಹೊಲಿಗೆ ಎಲ್ಲಿ ಬರಬೇಕೆಂದು ದರ್ಜಿಗಳು ಬಟ್ಟೆಯ ಮೇಲೆ ಎಳೆದುಕೊಳ್ಳುವ ನೀಲಿ ಗೆರೆ. ಬಲೆಯ ಸುತ್ತ, ಬಾಯಿಂದ ತುದಿಯವರೆಗೆ, ನಿನ್ನೆ ಎಳೆದಂತೆ ಇತ್ತು. ನಾನು ಏನೋ ಹೇಳಲು ಹೋದೆ. ಅವಳು ಕೇಳಿಸಿಕೊಳ್ಳದೆ ಯಂತ್ರದ ಪೆಡಲು ತುಳಿಯಲು ಶುರುಮಾಡಿದಳು. ಇಲಿ ಕಡಿದ ಮೂಲೆಗೆ ತೇಪೆ ಹಾಕಿ, ಹಲ್ಲಿನಿಂದ ದಾರ ಕತ್ತರಿಸಿ, ಮಡಿಸಿ ನನ್ನ ಕೈಗಿಟ್ಟಳು. ಗಿರಾಕಿಗಳಿಗೆ ಕೊಡುವ ಹಾಗೆಯೇ ಚೊಕ್ಕವಾಗಿ ಮಡಿಸಿದ್ದಳು. ನೆಲ ಬಾಯಿಬಿಟ್ಟಿದ್ದರೆ ಒಳಗೆ ಹೋಗುತ್ತಿದ್ದೆ.

ಅಕ್ಟೋಬರ್ 5, ಗುರುವಾರ. 150/94

ಬೆಳಿಗ್ಗೆ ಆರೂವರೆಗೆ ಕಾರ್ಖಾನೆಯ ಹಿಂದೆ ಹೋದೆ. ಗೋಡೆಯ ಮಗ್ಗುಲಲ್ಲಿ ಅಡ್ಡಡ್ಡ ನಡೆದರೆ ಮಾತ್ರ ದಾರಿ. ಸೋಪಿನ ವಾಸನೆ, ಬಿಸಿ ಹಬೆ. ಆದರೆ ಕಾರ್ಖಾನೆಯ ಹೊಲಸು ನೀರು ಬೇರೆ ಪೈಪಿನಲ್ಲಿ ಆ ಕಡೆಗೆ ಹೋಗುತ್ತದೆ, ತೊರೆಗೆ ಸೇರುವುದಿಲ್ಲ. ಇದು ನನಗೆ ಇವತ್ತು ಗೊತ್ತಾಯಿತು.

ಇಳಿದೆ. ನೀರು ಮೊಣಕಾಲಿನ ಕೆಳಗೆ ಇತ್ತು, ತಣ್ಣಗಿತ್ತು. ಎರಡು ನಿಮಿಷ ಎಂದರೆ ಎಷ್ಟು ಉದ್ದ ಎಂಬುದು ಮರೆತೇಹೋಗಿತ್ತು, ಸೊಂಟ ಹಿಡಿದುಕೊಂಡಿತು. ಬಲೆಯನ್ನು ತಟ್ಟೆಗೆ ಸುರಿದೆ. ಮೊದಲು ಬರೀ ಎಲೆ, ಮರಳು. ನೀರು ನಿಂತ ಮೇಲೆ ಒಂದು ಎಲೆಯ ಕೆಳಗಿನಿಂದ ಒಂದು ಹೊರಬಂತು. ಆಮೇಲೆ ಇನ್ನೊಂದು. ಬಾಲ ಆಡಿಸುತ್ತ ತಟ್ಟೆಯ ಮೂಲೆಗೆ ಓಡಿತು. ಹನ್ನೊಂದು ಎಣಿಸಿದೆ, ಮತ್ತೆ ಎಣಿಸಿದೆ, ಹನ್ನೊಂದೇ. ಅಷ್ಟು ಖುಷಿ ನನಗೆ ಯಾಕಾಯಿತೋ, ಒಬ್ಬನೇ ನಿಂತು ಗಟ್ಟಿಯಾಗಿ ‘ಇವೆಯಲ್ಲೋ’ ಎಂದೆ.

ತಲೆ ಎತ್ತಿದಾಗ ದಂಡೆಯ ಉದ್ದಕ್ಕೂ ಕೆಂಪು ಬಣ್ಣ ಬಳಿದ ಗೂಟಗಳು ಕಂಡವು. ಹೊಸ ರಸ್ತೆಯಿಂದ ಇಳಿಯುವ ದಾರಿಯನ್ನು ಇಲ್ಲೇ ಕಟ್ಟುತ್ತಾರೆ. ಈ ನೂರೈವತ್ತು ಮೀಟರೂ ಕೊಳವೆಗೆ ಹೋಗುತ್ತದೆ, ಅದೇ ಒಂಬತ್ತು ಸೊನ್ನೆಯ ಬಲದ ಮೇಲೆ. ಕೆಳಗಿನ ತೊರೆಗೆ ಬೀಜ ಎಂದು ಉಳಿದಿರುವುದು ಇಷ್ಟೆ. ಇಲ್ಲಿಂದ ತೇಲಿಕೊಂಡು ಹೋದವು ಕೊಳವೆ ದಾಟಿ, ಕೊಳಕಿಗೆಂದು ಕಟ್ಟಿದ ತೊಟ್ಟಿಯಲ್ಲಿ ಬಿದ್ದು, ಕೆಸರಿನಲ್ಲಿ ಸಾಯುತ್ತಿವೆ. ಆ ತೊಟ್ಟಿ ಕಟ್ಟಿಸಿದ್ದು ನಾನು. ನಕ್ಷೆ ಅವಳದ್ದಾದರೇನು.

ಹನ್ನೊಂದನ್ನೂ ವಾಪಸು ನೀರಿಗೆ ಬಿಟ್ಟು ಬಂದೆ. ಬಲೆಯನ್ನು ಹಿತ್ತಿಲಲ್ಲಿ ಒಣಗಲು ಹಾಕಿದೆ. ಗೆರೆ ಹೋಗಿದೆ.

ಅಕ್ಟೋಬರ್ 6, ಶುಕ್ರವಾರ. 150/96

ಹೊಸಬಳನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅರ್ಧ ಮಾತ್ರ ಹೇಳಿದೆ: ಸುಮ್ಮನೆ ನೋಡೋಣವೆಂದು ಬಂದಿದ್ದೆ, ಸಿಕ್ಕಿದವು. ಅವಳು ಮೊಣಕಾಲೂರಿ ತಟ್ಟೆಯ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದಳು. ಕಣ್ಣಲ್ಲಿ ನೀರು ತುಂಬಿತ್ತು. ಆಮೇಲೆ ಲೆಕ್ಕ ಹಾಕಲು ಶುರುಮಾಡಿದಳು. ಇವು ಹೊಸದಾಗಿ ಬಂದವಲ್ಲ, ಹತ್ತಿರದಲ್ಲಿ ಬೇರೆ ತೊರೆಯೇ ಇಲ್ಲ, ಮೊದಲಿನಿಂದಲೂ ಇಲ್ಲೇ ಇದ್ದಿರಬೇಕು. ಹಾಗಿದ್ದರೆ ಆ ದಿನ ನಿಮಗೆ ಯಾಕೆ ಸಿಗಲಿಲ್ಲ ಸಾರ್, ಎಂದಳು.

ಉತ್ತರವನ್ನೂ ಅವಳೇ ಕೊಟ್ಟಳು.

“ಆವತ್ತು ಮೇಲ್ಗಡೆ ಯಾರೋ ಏನೋ ಸುರಿದಿರ್ಬೇಕು ಸಾರ್. ಎಲ್ಲ ಕಲ್ಲಿನ ಸಂದಿಲಿ ಅವಿತ್ಕೊಂಡಿರ್ತವೆ. ಅಲ್ವಾ?”

ತಲೆ ಆಡಿಸಿದೆ.

ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ. ನೀರಿನಲ್ಲಿ ನಿಂತು, ತಟ್ಟೆ ಕೈಯಲ್ಲಿ ಹಿಡಿದುಕೊಂಡು, ತಲೆ ಆಡಿಸಿದೆ.

ಅಕ್ಟೋಬರ್ 13, ಶುಕ್ರವಾರ. 152/98

ಮುಚ್ಚುವುದನ್ನು ನಿಲ್ಲಿಸಿ ಎಂದು ಹೊಸಬಳು ಕೇಳಿದ್ದಕ್ಕೆ ದೊಡ್ಡವರು ಒಪ್ಪಲಿಲ್ಲ. ಆ ಕಡೆ ಒಂಬತ್ತು ಬಲೆ, ಈ ಕಡೆ ಒಂದು ತಟ್ಟೆ. ಕಾನೂನಿನ ಮುಂದೆ ಯಾವುದು ನಿಲ್ಲುತ್ತದೆ ಎಂದು ಕೇಳಿದರು. ಅವರ ಮಾತಿನಲ್ಲಿ ತಪ್ಪಿಲ್ಲ. ಇಪ್ಪತ್ತಮೂರಕ್ಕೆ ಗುಬ್ಬಿಯ ಯಂತ್ರ ಕಾರ್ಖಾನೆಯ ಹಿಂದೆ ಇಳಿಯುತ್ತದೆ.

ಹೊಸಬಳಿಗೆ, ಅಂದರೆ ನಮ್ಮ ಇಂಜಿನಿಯರಿಗೆ, ಕೆಲಸ ಖಾಯಂ ಮಾಡುವುದಿಲ್ಲ ಎಂಬ ಪತ್ರ ಬಂದಿದೆ. ಹದಿನೇಳರ ಸಮಿತಿಯಲ್ಲಿ ಅದಕ್ಕೆ ಮುದ್ರೆ ಬೀಳುತ್ತದೆ. ಅವರು ಬರೆದ ಉತ್ತರದ ಪ್ರತಿಯನ್ನು, ಹಿರಿಯರು ಒಮ್ಮೆ ತಿದ್ದಿಕೊಡಲಿ ಎಂದು ನನ್ನ ಮೇಜಿನ ಮೇಲೆ ಇಟ್ಟು ಹೋಗಿದ್ದರು. ಎರಡು ಪುಟ ಇತ್ತು. ಎರಡನೆಯ ಪುಟದಲ್ಲಿ ಹೀಗಿದೆ: ‘ಮೂಲ ಪರೀಕ್ಷೆಯನ್ನು ಅನುಭವಿಗಳು ನಿಯಮದಂತೆ ನಡೆಸಿದ್ದಾರೆ. ಅದರಲ್ಲಿ ಲೋಪವಿಲ್ಲ. ಲೋಪವೇನಿದ್ದರೂ ನನ್ನ ನಕ್ಷೆಯದ್ದು.’

ಅದನ್ನು ನಾನು ತಿದ್ದಬೇಕಂತೆ. ಒಂದು ಕಡೆ ಕಾಗುಣಿತ ತಪ್ಪಿತ್ತು, ಅದನ್ನು ಸರಿಮಾಡಿ ವಾಪಸು ಇಟ್ಟು ಬಂದೆ. ಇಷ್ಟು ನೀಚ ಕೆಲಸವನ್ನು ನಾನು ಮೊದಲು ಮಾಡಿರಲಿಲ್ಲ ಎಂದುಕೊಂಡೆ. ಮಾಡಿದ್ದೆ.

ಅಕ್ಟೋಬರ್ 14, ಶನಿವಾರ. ಅಳೆಯಲಿಲ್ಲ

ಆ ದಿನ ಮಳೆ ಬಂದಿರಲಿಲ್ಲ. ಹಿತವಾದ ಬಿಸಿಲಿತ್ತು. ಸೋರುತ್ತಿದ್ದದ್ದು ಹಳೆಯ ಬೂಟು. ಹೊಸ ಜೊತೆ ಹಿಂದಿನ ವಾರವೇ ಬಂದಿತ್ತು, ನನ್ನ ಕಾಲಿನಲ್ಲೇ ಇತ್ತು.

ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದೆ. ಪ್ಲಾಸ್ಟಿಕ್ ಚೀಲಗಳು, ಕಾಲು ಮುರಿದ ಒಂದು ಕುರ್ಚಿ, ಕಂದು ಬಣ್ಣದ ನೊರೆ. ಇದರಲ್ಲಿ ಏನಿದ್ದೀತು ಎಂದುಕೊಂಡೆ. ಮೂಲೆಯಲ್ಲಿ ಒಬ್ಬ ಹುರಿದ ಕಡಲೆಕಾಯಿ ಮಾರುತ್ತಿದ್ದ. ಒಂದು ಪೊಟ್ಟಣ ಕೊಂಡು, ಸೇತುವೆಯ ಕಟ್ಟೆಯ ಮೇಲೆ ಕೂತು, ಬಲೆಯನ್ನು ಪಕ್ಕಕ್ಕೆ ಒರಗಿಸಿ, ಫಾರಂ ತೊಡೆಯ ಮೇಲಿಟ್ಟುಕೊಂಡು ಒಂಬತ್ತು ಸೊನ್ನೆ ಬರೆದೆ. ಉಳಿದ ಎರಡು ಜಾಗಗಳಿಗೆ ಹೋಗಲೇ ಇಲ್ಲ. ಸಿಪ್ಪೆಯನ್ನು ನೀರಿಗೆ ಸುರಿದೆ. ಬೇಗ ಮನೆಗೆ ಬಂದು ಮಲಗಿದೆ. ಒಳ್ಳೆಯ ನಿದ್ದೆ ಬಂತು.

ಯಾರೂ ಒತ್ತಾಯ ಮಾಡಿರಲಿಲ್ಲ. ಯಾರೂ ಆಸೆ ತೋರಿಸಿರಲಿಲ್ಲ. ಮನೆಯಲ್ಲಿ ಕಾಯಿಲೆ ಇರಲಿಲ್ಲ. ಹೇಳಿಕೊಳ್ಳುವುದಕ್ಕಾದರೂ ಒಂದು ದೊಡ್ಡ ಕಾರಣ ಸಿಗಲಿ ಎಂದು ತಿಂಗಳಿಂದ ಹುಡುಕುತ್ತಿದ್ದೇನೆ. ಸೋಮಾರಿತನ ಬಿಟ್ಟು ಬೇರೇನೂ ಇಲ್ಲ.

ಅಕ್ಟೋಬರ್ 17, ಮಂಗಳವಾರ. 156/98

ಬೆಳಿಗ್ಗೆ ಇವಳಿಗೆ ಹೇಳಿದೆ. ಅವಳು ತಲೆ ಬಾಚಿಕೊಳ್ಳುತ್ತಿದ್ದಳು, ಕೈ ನಿಲ್ಲಿಸಲಿಲ್ಲ. ಕಡಲೆಕಾಯಿಯ ವಿಷಯಕ್ಕೆ ಬಂದಾಗ ಮಾತ್ರ ಬಾಚಣಿಗೆ ನಿಂತಿತು. ಇಸ್ತ್ರಿ ಮಾಡಿದ ಅಂಗಿ ಬಾಗಿಲ ಹಿಂದೆ ಇದೆ ಎಂದಳು, ಅಷ್ಟೆ.

ಸಮಿತಿಯ ಅಧ್ಯಕ್ಷೆ ಬಿಳಿ ಕೂದಲಿನ ಹೆಂಗಸು. ಮೆಲ್ಲಗೆ ಮಾತಾಡುತ್ತಾರೆ, ಮೆಲ್ಲಗೆ ಮಾತಾಡುವವರನ್ನು ಕಂಡರೆ ನನಗೆ ಯಾವಾಗಲೂ ಭಯ. ನಮ್ಮ ಇಂಜಿನಿಯರು ತಮ್ಮ ಉತ್ತರ ಓದಲು ಎದ್ದು ನಿಂತರು. ಮೊದಲ ಪುಟ ಮುಗಿಯಿತು. ಎರಡನೆಯ ಪುಟ ತಿರುವುವಾಗ ನಾನು ಎದ್ದುಬಿಟ್ಟೆ. ಕುರ್ಚಿ ಹಿಂದಕ್ಕೆ ಬಿತ್ತು. ದೊಡ್ಡವರು ಏನ್ರೀ ಇದು ಎಂದರು.

ಆ ಒಂಬತ್ತು ಸೊನ್ನೆ ಎಣಿಸಿ ಬರೆದದ್ದಲ್ಲ ಎಂದೆ. ಕೋಣೆಯಲ್ಲಿ ಯಾರಿಗೂ ಅರ್ಥವಾದಂತೆ ಕಾಣಲಿಲ್ಲ. ಅಧ್ಯಕ್ಷೆ ಪೆನ್ನು ಕೆಳಗಿಟ್ಟರು.

“ನೀರಿಗೆ ಇಳಿದಿದ್ರಾ?”

“ಇಲ್ಲ.”

“ಎಲ್ಲಿದ್ರಿ?”

“ಸೇತುವೆ ಮೇಲೆ ಕೂತಿದ್ದೆ. ಕಡಲೆಕಾಯಿ ತಿಂತಿದ್ದೆ.”

ಕಡಲೆಕಾಯಿ ಹೇಳಬೇಕಾಗಿರಲಿಲ್ಲ. ಆದರೆ ಅದನ್ನು ಬಿಟ್ಟು ಹೇಳಿದರೆ ಮತ್ತೆ ಅರ್ಧವೇ ಹೇಳಿದಂತೆ ಎನಿಸಿತು. ಯಾರೋ ಒಬ್ಬರು ನಕ್ಕು, ಕೆಮ್ಮಿದಂತೆ ಮಾಡಿದರು. ತೊಟ್ಟಿ ಯಾಕೆ ಬಂತು, ಹುಳ ಯಾಕೆ ಬರಲಿಲ್ಲ, ಕಾರ್ಖಾನೆಯ ಹಿಂದೆ ಏನಿದೆ, ಎಲ್ಲ ಹೇಳಿದೆ. ಬಿದ್ದ ಕುರ್ಚಿಯನ್ನು ಯಾರೂ ಎತ್ತಿಕೊಡಲಿಲ್ಲ, ನಾನೂ ಎತ್ತಲಿಲ್ಲ.

ಹಗುರವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಹೊರಗೆ ನೀರಿನ ನಲ್ಲಿಯ ಹತ್ತಿರ ಇಂಜಿನಿಯರು ಸಿಕ್ಕಿದರು. ಬೈಯಲಿಲ್ಲ. ಲೋಟ ತುಂಬಿಸಿಕೊಂಡು, ಕುಡಿಯದೆ ಹಿಡಿದುಕೊಂಡು ನಿಂತರು.

“ಯಾರೋ ಏನೋ ಸುರಿದಿರ್ಬೇಕು ಅಂದಾಗ ತಲೆ ಆಡಿಸಿದ್ರಲ್ಲ,” ಎಂದರು. “ಅದ್ಯಾಕೆ?”

ನಾನು ಮತ್ತೆ ಕನ್ನಡಕ ತೆಗೆದು ಒರೆಸಿಕೊಂಡೆ.

ಅಕ್ಟೋಬರ್ 20, ಶುಕ್ರವಾರ. 140/90

ವಿಚಾರಣೆ ಮುಗಿಯುವವರೆಗೆ ಕಚೇರಿಗೆ ಬರುವಂತಿಲ್ಲ. ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಶುಕ್ರವಾರ ಹಗಲು ಮನೆಯಲ್ಲಿದ್ದೇನೆ. ನಿವೃತ್ತಿ ವೇತನದ ಕಥೆ ಏನಾಗುತ್ತದೋ. ಇಪ್ಪತ್ತಮೂರರ ಕೆಲಸಕ್ಕೆ ತಡೆ ಬಿದ್ದಿದೆ, ಇಂಜಿನಿಯರ ಪತ್ರವನ್ನು ಹಿಂದಕ್ಕೆ ತೆಗೆದುಕೊಂಡಿದ್ದಾರೆ. ಗುಬ್ಬಿ ಫೋನು ಮಾಡಿ ಹೇಳಿದ. ನನ್ನ ಬಗ್ಗೆ ಏನೂ ಹೇಳಲಿಲ್ಲ. ಅವನು ಯಂತ್ರ ನಿಲ್ಲಿಸಿದ ಆ ಒಂದು ಗಳಿಗೆಯ ವಿಷಯವನ್ನು ಮತ್ತೆ ಎತ್ತಿ, ಆಗಲೇ ಇಳಿದು ಕೇಳಬೇಕಿತ್ತು ಸಾರ್ ಎಂದ. ಅವನು ಯಾಕೆ ತಪ್ಪು ಹೊರಬೇಕು. ಅದನ್ನು ಹೇಳುವಷ್ಟರಲ್ಲಿ ಫೋನು ಇಟ್ಟಿದ್ದ.

ಡಾಕ್ಟರು ಈ ಪುಸ್ತಕದ ಅಂಕಿ ನೋಡಿ, ಮೊದಲ ಎರಡು ವಾರ ಎಷ್ಟು ಚೆನ್ನಾಗಿತ್ತು, ಆಮೇಲೇನಾಯಿತು ಎಂದರು. ಮೊದಲ ಎರಡು ವಾರ ಅಳೆದಿರಲಿಲ್ಲ ಎಂದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ಆ ಸಾಲುಗಳ ಮೇಲೆ ಗೀಟು ಹಾಕಿ ಬೇರೆ ಮಾತ್ರೆ ಬರೆದುಕೊಟ್ಟರು.

ಮಧ್ಯಾಹ್ನ ಅಂಗಡಿಯಲ್ಲಿ ಕೂತು ಹಳೆಯ ಹೊಲಿಗೆ ಬಿಚ್ಚಿಕೊಟ್ಟೆ. ಇವಳು ಮೂರು ದಿನದಿಂದ ಊಟ ಬಡಿಸುತ್ತಾಳೆ, ಮಾತಾಡುವುದಿಲ್ಲ. ಇವತ್ತು ಸೂಜಿಗೆ ದಾರ ಪೋಣಿಸುತ್ತ, ನನ್ನ ಮುಖ ನೋಡದೆಯೇ ಹೇಳಿದಳು.

“ಆವತ್ತು ಬಲೆ ಚೆನ್ನಾಗಿತ್ತಾ ಅಂತ ಕೇಳಿದ್ದೆ. ತುಂಬಾ ಚೆನ್ನಾಗಿ ಹಿಡೀತು ಅಂದಿದ್ರಿ.”

ನನಗೆ ಅದು ನೆನಪೇ ಇರಲಿಲ್ಲ.

ಅಕ್ಟೋಬರ್ 30, ಸೋಮವಾರ. ಅಳೆಯಲಿಲ್ಲ, ಬೆಳಿಗ್ಗೆ ಬೇಗ ಹೊರಟೆ

ಬರೆದವನೇ ಬಂದು ಎಲ್ಲರ ಮುಂದೆ ಮತ್ತೆ ಎಣಿಸಲಿ ಎಂದು ಅಧ್ಯಕ್ಷೆ ಆದೇಶ ಮಾಡಿದ್ದರು. ಮುಚ್ಚಿಹೋದ ಆರುನೂರು ಮೀಟರಿನಲ್ಲಿ ಇನ್ನು ಯಾರೂ ಎಣಿಸುವಂತಿಲ್ಲ. ಉಳಿದ ನೂರೈವತ್ತರಲ್ಲೇ ಮೂರು ಜಾಗ, ಒಂಬತ್ತು ಬಲೆ. ನೀರಿಗೆ ನಾನು, ದಂಡೆಯ ಮೇಲೆ ಬರೆದುಕೊಳ್ಳಲು ಇಂಜಿನಿಯರು. ಸಮಿತಿಯ ಇಬ್ಬರು, ದೊಡ್ಡವರು, ಕಾರಣವಿಲ್ಲದೆ ಬಂದ ಗುಬ್ಬಿ. ಎಲ್ಲರೂ ಗೋಡೆಗೆ ಬೆನ್ನು ಒತ್ತಿ ಸಾಲಾಗಿ ನಿಂತಿದ್ದರು, ಜಾಗವೇ ಅಷ್ಟು. ಅಷ್ಟು ಜನರೆದುರು ಪ್ಯಾಂಟು ಮಡಿಸಿಕೊಂಡು ಇಳಿಯುವಾಗ ಮೈ ಹಿಡಿಯಷ್ಟಾಯಿತು.

ಬಲೆ ಹಳೆಯದೇ. ಹೊರಡುವಾಗ ಇವಳು ಬಾಗಿಲಿಗೆ ಬಂದು ಅದರ ಹಿಡಿಯ ಬಳಿಯ ಹೊಲಿಗೆಯನ್ನು ಒಮ್ಮೆ ಜಗ್ಗಿ ನೋಡಿ ಕೊಟ್ಟಿದ್ದಳು.

ಮೊದಲನೆಯದರಲ್ಲಿ ಏಳು ಸಿಕ್ಕಿದವು. ಆಮೇಲೆ ನಾಲ್ಕು. ಒಂಬತ್ತು. ಜಾಗ ಬದಲಾಯಿಸಿದೆವು. ಎರಡು, ಐದು, ಮೂರು. ಪ್ರತಿ ಸಲವೂ ಎರಡು ನಿಮಿಷ, ಗಡಿಯಾರವನ್ನು ಗುಬ್ಬಿ ಹಿಡಿದಿದ್ದ. ಒಂದು ಸಲ ಜಾರಿ ಕೂತುಬಿಟ್ಟೆ, ಸೊಂಟದವರೆಗೂ ನೆನೆಯಿತು. ಯಾರೂ ನಗಲಿಲ್ಲ. ನಾನು ಸಂಖ್ಯೆ ಹೇಳುತ್ತಿದ್ದೆ, ಇಂಜಿನಿಯರು ಬಗ್ಗಿ ತಟ್ಟೆಯಲ್ಲಿ ತಾವೂ ಎಣಿಸಿ ನೋಡಿಯೇ ಬರೆದುಕೊಳ್ಳುತ್ತಿದ್ದರು. ಮೊದಲಾಗಿದ್ದರೆ ನನ್ನ ಮಾತೇ ಸಾಕಿತ್ತು. ಸಾರ್ ಎನ್ನುವುದನ್ನೂ ಬಿಟ್ಟಿದ್ದಾರೆ. ಅದು ಸರಿಯೇ.

ಏಳನೆಯದು ಆರು. ಎಂಟನೆಯದನ್ನು ತಟ್ಟೆಗೆ ಸುರಿದೆ. ನೀರು ನಿಲ್ಲಲಿ ಎಂದು ಕಾದೆ. ಕಡ್ಡಿಯಿಂದ ಒಂದೊಂದೇ ಎಲೆ ಮಗುಚಿದೆ. ಮರಳನ್ನು ಬದಿಗೆ ಸರಿಸಿದೆ. ಬಲೆಯನ್ನು ಒಳಗು ಹೊರಗು ಮಾಡಿ, ಹೊಲಿಗೆಯ ಸಂದಿಯಲ್ಲೂ ಬೆರಳಾಡಿಸಿದೆ. ಸೂರ್ಯ ಗೋಡೆಯ ಮೇಲೆ ಬಂದು ತಟ್ಟೆಯೆಲ್ಲ ಬೆಳ್ಳಗೆ ಕಾಣುತ್ತಿತ್ತು. ಅವರೂ ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಹುಡುಕಿದರು. ಒಂದೂ ಇರಲಿಲ್ಲ.

“ಇನ್ನೊಂದು ಸಲ ಹಾಕಿ ನೋಡ್ತೀರಾ?” ಎಂದು ಮೆಲ್ಲಗೆ ಕೇಳಿದರು.

“ಬೇಡ,” ಎಂದೆ. “ಸೊನ್ನೆ ಅಂತ ಬರ್ಕೊಳ್ಳಿ.”

ಬರೆದುಕೊಂಡರು. ತಟ್ಟೆ ತೊಳೆದು ದಂಡೆಯ ಮೇಲಿಟ್ಟು, ಒಂಬತ್ತನೆಯದಕ್ಕೆ ನೀರಿಗೆ ಇಳಿದೆ.